ಹಳೇ ಫೈಬರ್ ಬೋಟಿನ ನೆಲ ಮೆತ್ತಗಾಗಿದೆ, ಮೇಲೊಂದು ಪದರ ಹಾಕಿದರೆ ಸಾಕಾ?

ಪ್ರಶ್ನೆ: ನಲವತ್ತು ವರ್ಷ ಹಳೆಯ ಒಂದು ಚಿಕ್ಕ ಫೈಬರ್‌ಗ್ಲಾಸ್ ಮೋಟಾರ್‌ಬೋಟ್ ಕೈಗೆ ಸಿಕ್ಕಿದೆ. ಹೊರಗಿನಿಂದ ನೋಡಿದರೆ ಬಣ್ಣ ಮಾಸಿದೆ ಅನ್ನುವುದು ಬಿಟ್ಟರೆ ಗಟ್ಟಿಯಾಗಿಯೇ ಇದೆ. ಆದರೆ ಒಳಗೆ ನಿಂತರೆ ಒಂದೆರಡು ಕಡೆ ನೆಲ ಸ್ವಲ್ಪ ಕುಗ್ಗುತ್ತದೆ. ಅದರ ಮೇಲೆ ಇನ್ನೊಂದು ಪದರ ಫೈಬರ್ ಹಾಕಿ, ಬಣ್ಣ ಹೊಡೆದು, ಎಂಜಿನ್ ಸರಿಮಾಡಿಕೊಂಡು ನೀರಿಗಿಳಿಸಬಹುದಾ? ಅಥವಾ ನೆಲ ಪೂರ್ತಿ ಕಿತ್ತುಹಾಕಬೇಕಾ?

ಉತ್ತರ: ಪದರ ಹಾಕಿದರೆ ಸಾಲದು. ಆದರೆ ಪೂರ್ತಿ ಕೀಳಬೇಕಾ ಅನ್ನುವುದಕ್ಕೆ ಇನ್ನೂ ಉತ್ತರ ಗೊತ್ತಿಲ್ಲ. ಅದನ್ನು ನೀವೇ ಒಂದು ಸುತ್ತಿಗೆ, ಒಂದು ಡ್ರಿಲ್ ಹಿಡಿದು ಬೋಟನ್ನೇ ಕೇಳಬೇಕು.

ಈ ಪ್ರಶ್ನೆ ಕೇಳುವವರೆಲ್ಲ ಒಂದು ವಿಷಯ ಮರೆತಿರುತ್ತಾರೆ. ಫೈಬರ್‌ಗ್ಲಾಸ್ ಅಂದರೆ ಗಾಜಿನ ನಾರಿಗೆ ರೆಸಿನ್ ಅನ್ನುವ ಅಂಟುದ್ರವ ಕುಡಿಸಿ ಗಟ್ಟಿ ಮಾಡಿದ್ದು. ಅದು ಕೊಳೆಯುವುದಿಲ್ಲ. ಹಾಗಾಗಿ "ಫೈಬರ್ ಬೋಟು, ಮರದ್ದಲ್ಲ, ಏನೂ ಆಗಲ್ಲ" ಅಂದುಕೊಳ್ಳುತ್ತೇವೆ. ಆದರೆ ಆ ಕಾಲದ ಬಹುಪಾಲು ಫೈಬರ್ ಬೋಟುಗಳ ಹೊಟ್ಟೆಯೊಳಗೆ ಇರುವುದು ಮರವೇ. ನೀವು ನಿಲ್ಲುವ ನೆಲ ಪ್ಲೈವುಡ್. ಅದರ ಕೆಳಗೆ ಮುಂದಿನಿಂದ ಹಿಂದಕ್ಕೆ ಓಡುವ ಸ್ಟ್ರಿಂಗರ್‌ಗಳು, ಅಂದರೆ ಉದ್ದ ತೊಲೆಗಳು, ಅವೂ ಮರ. ಎಂಜಿನ್ ನೇತುಹಾಕುವ ಹಿಂಗೋಡೆ, ಟ್ರಾನ್ಸಮ್ ಅನ್ನುತ್ತಾರಲ್ಲ, ಅದರ ನಡುವೆಯೂ ಪ್ಲೈವುಡ್. ಎಲ್ಲದರ ಮೇಲೂ ಫೈಬರಿನ ಚರ್ಮ. ಹೊರಗಿನ ಚರ್ಮ ಚೆನ್ನಾಗಿರುತ್ತದೆ, ಒಳಗಿನ ಮೂಳೆ ಪುಡಿಯಾಗಿರುತ್ತದೆ. ಹಳೇ ಫೈಬರ್ ಬೋಟು ರಿಪೇರಿ ಅಂದರೆ ಮುಕ್ಕಾಲು ಪಾಲು ಮರಗೆಲಸ ಅಂತ ಮೊದಲೇ ಒಪ್ಪಿಕೊಂಡುಬಿಡಿ, ಆಮೇಲೆ ಬೇಜಾರಾಗುವುದಿಲ್ಲ.

ನೀರು ಹೇಗೆ ಒಳಗೆ ಹೋಯಿತು? ಸ್ಕ್ರೂ ತೂತುಗಳಿಂದ. ಸೀಟು ಕೂರಿಸಲು, ಏಣಿ ಹಾಕಲು, ಎಂಜಿನ್ ಬೋಲ್ಟ್ ಬಿಗಿಯಲು, ಯಾವುದೋ ಮೀನು ಹುಡುಕುವ ಯಂತ್ರದ ಕ್ಲಿಪ್ಪಿಗೆ, ಹೀಗೆ ನಲವತ್ತು ವರ್ಷದಲ್ಲಿ ಒಡೆಯರೆಲ್ಲ ಸೇರಿ ನೂರು ತೂತು ಕೊರೆದಿರುತ್ತಾರೆ. ಒಂದಕ್ಕೂ ಸರಿಯಾಗಿ ಸೀಲ್ ಮಾಡಿರುವುದಿಲ್ಲ. ಇನ್ನೊಂದು ಮಾತು ಕೇಳಿದರೆ ಆಶ್ಚರ್ಯ ಆಗಬಹುದು: ಬೋಟಿನ ಮರಕ್ಕೆ ಸಮುದ್ರದ ನೀರಿಗಿಂತ ಮಳೆನೀರೇ ಜಾಸ್ತಿ ಅಪಾಯ. ಮರ ತಿನ್ನುವ ಶಿಲೀಂಧ್ರಕ್ಕೆ ಉಪ್ಪು ಹಿಡಿಸುವುದಿಲ್ಲ, ಸಿಹಿನೀರು ಬೇಕು. ಮರದ ತೇವ ಶೇ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದೇ ಇಲ್ಲ. ನೀರಿನಲ್ಲಿ ಓಡಿ ಹಾಳಾದ ಬೋಟಿಗಿಂತ, ಹಿತ್ತಲಲ್ಲಿ ಟಾರ್ಪಾಲಿನ್ ಕೆಳಗೆ ಸುಮ್ನೆ ಬಿದ್ದು ಹಾಳಾದ ಬೋಟೇ ಜಾಸ್ತಿ. ಗಾಳಿಯಾಡದಂತೆ ಬಿಗಿದು ಕಟ್ಟಿದ ಟಾರ್ಪಾಲಿನ್ ಒಳಗಿನ ತೇವವನ್ನು ಒಣಗಲು ಬಿಡುವುದಿಲ್ಲ.

ಈಗ ನೀವು ಹೇಳಿದ ಉಪಾಯಕ್ಕೆ ಬರೋಣ. ಮೆತ್ತಗಾದ ಮರದ ಮೇಲೆ ಹೊಸ ಪದರ ಹಾಕಿದರೆ ಆಗುವುದು ಇಷ್ಟು: ಒಳಗಿನ ನೀರು ಒಳಗೇ ಉಳಿಯುತ್ತದೆ, ಕೊಳೆಯುವ ಕೆಲಸ ಮುಂದುವರಿಯುತ್ತದೆ, ಬೋಟಿನ ತೂಕ ಮಾತ್ರ ಹೆಚ್ಚುತ್ತದೆ. ಒಂದು ವರ್ಷ ಗಟ್ಟಿಯಾಗಿರುವಂತೆ ಅನಿಸುತ್ತದೆ. ಅದೇ ಮೋಸ. ತೂತು ಕೊರೆದು ತೆಳು ಎಪಾಕ್ಸಿ (ಬಲವಾಗಿ ಅಂಟುವ ಒಂದು ಜಾತಿಯ ರೆಸಿನ್) ಸುರಿದರೆ ಮರ ಗಟ್ಟಿಯಾಗುತ್ತದೆ ಅನ್ನುವವರೂ ಇದ್ದಾರೆ. ಕಿಟಕಿ ಚೌಕಟ್ಟಿಗೆ ಅದು ಸರಿ ಹೋಗಬಹುದು. ಎಂಜಿನ್ ಹೊರುವ ಮರಕ್ಕೆ ನಾನು ಒಪ್ಪುವುದಿಲ್ಲ. ಒದ್ದೆ ಮರ ಎಪಾಕ್ಸಿಯನ್ನು ಕುಡಿಯುವುದಿಲ್ಲ, ಕೊಳೆತ ನಾರಿಗೆ ಕಳೆದುಹೋದ ಬಲ ವಾಪಸ್ ಬರುವುದೂ ಇಲ್ಲ.

ಹಾಗಾದರೆ ಮೊದಲ ಕೆಲಸ, ಕೊಳೆ ಎಲ್ಲಿಯವರೆಗೆ ಹೋಗಿದೆ ಅಂತ ತಿಳಿದುಕೊಳ್ಳುವುದು. ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆ ತೆಗೆದುಕೊಂಡು ನೆಲವನ್ನು ಅಂಗೈ ಅಗಲದಷ್ಟು ದೂರಕ್ಕೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುವ ಚುರುಕು ಸದ್ದು. ಕೊಳೆತ ಕಡೆ ದಬ್ ಅನ್ನುವ ಮಂಕು ಸದ್ದು. ತೆಂಗಿನಕಾಯಿ ತಟ್ಟಿ ಆರಿಸುವ ಕಿವಿ ಇದ್ದರೆ ಸಾಕು. ಸದ್ದು ಬದಲಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಟ್ರಾನ್ಸಮ್ಮನ್ನೂ ಒಳಗಿನಿಂದ, ಹೊರಗಿನಿಂದ ತಟ್ಟಿ. ಔಟ್‌ಬೋರ್ಡ್ ಎಂಜಿನ್ ಇನ್ನೂ ನೇತಾಡುತ್ತಿದ್ದರೆ ಅದರ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ, ಇನ್ನೊಬ್ಬರು ಟ್ರಾನ್ಸಮ್ಮನ್ನೇ ನೋಡುತ್ತಿರಲಿ. ಎಂಜಿನ್ ಜೊತೆ ಗೋಡೆಯೂ ಬಾಗಿದರೆ ಬೇರೆ ಪರೀಕ್ಷೆ ಬೇಡ.

ಆಮೇಲೆ ಡ್ರಿಲ್. ಅನುಮಾನ ಬಂದ ಜಾಗದಲ್ಲಿ, ಒಳಮುಖದಿಂದ, 5 ಮಿಲಿಮೀಟರ್ ತೂತು ಕೊರೆಯಿರಿ. ಹೊರಚರ್ಮದ ತನಕ ಹೋಗಬೇಡಿ. ಬಿಟ್ಟಿನ ಜೊತೆ ಬರುವ ಪುಡಿ ತಿಳಿ ಬಣ್ಣದ್ದು, ಒಣಗಿದ್ದು ಇದ್ದರೆ ಮರ ಬದುಕಿದೆ. ಕಪ್ಪಗೆ, ಒದ್ದೆಯಾಗಿ, ಅಣಬೆ ವಾಸನೆ ಬಂದರೆ ಮುಗಿಯಿತು. ತೂತಿನಿಂದ ಚಹಾ ಬಣ್ಣದ ನೀರು ಇಳಿಯುವುದೂ ಉಂಟು. ಹೀಗೆ ಸ್ಟ್ರಿಂಗರ್‌ಗಳನ್ನೂ ಪರೀಕ್ಷಿಸಿ, ಅದರಲ್ಲೂ ಹಿಂಬದಿಯ ತುದಿಯನ್ನು. ನೀರು ಸೇರುವುದು ಅಲ್ಲೇ. ಈ ತೂತುಗಳ ಬಗ್ಗೆ ಹೆದರಬೇಡಿ, ಮುಚ್ಚುವುದು ಹತ್ತು ನಿಮಿಷದ ಕೆಲಸ.

ಇನ್ನೊಂದು ಸುಲಭ ಪರೀಕ್ಷೆ ತೂಕ. ಟ್ರೈಲರ್ ಸಮೇತ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ, ಟ್ರೈಲರ್, ಎಂಜಿನ್ ತೂಕ ಕಳೆಯಿರಿ. ತಯಾರಕರು ಬರೆದ ತೂಕಕ್ಕಿಂತ ತುಂಬಾ ಜಾಸ್ತಿ ಬಂದರೆ ಬೋಟು ತೇಲಲೆಂದು ನೆಲದ ಕೆಳಗೆ ತುಂಬಿದ ಫೋಮ್ ನೀರು ಕುಡಿದಿದೆ ಅಂತ ಅರ್ಥ. ಒಂದು ಘನ ಅಡಿ ಒಣ ಫೋಮ್ ಸುಮಾರು ಒಂದು ಕೆಜಿಯೂ ತೂಗುವುದಿಲ್ಲ. ಅದೇ ಜಾಗದಲ್ಲಿ ನೀರು ತುಂಬಿದರೆ 28 ಕೆಜಿ. ನೆಲದ ಕೆಳಗೆ ಹತ್ತು ಘನ ಅಡಿ ಫೋಮ್ ಇದೆ ಅಂತಿಟ್ಟುಕೊಳ್ಳಿ. ಅದು ಅರ್ಧ ನೆನೆದಿದ್ದರೂ ನೀವು ಯಾವಾಗಲೂ ಕಣ್ಣಿಗೆ ಕಾಣದ ಇಬ್ಬರನ್ನು ಕೂರಿಸಿಕೊಂಡೇ ಓಡಿಸುತ್ತಿರುತ್ತೀರಿ.

ಫಲಿತಾಂಶ ನೋಡಿ ತೀರ್ಮಾನ ಮಾಡಿ. ಒಂದೇ ಕಡೆ, ಒಂದು ಸೀಟಿನ ಬುಡದಲ್ಲಿ ಮಾತ್ರ ಮೆತ್ತಗಿದ್ದು ಉಳಿದ ಎಲ್ಲ ತೂತುಗಳಿಂದ ಒಣ ಮರ ಬಂದರೆ, ಅಷ್ಟೇ ಭಾಗ ಕತ್ತರಿಸಿ ಹೊಸದು ಕೂರಿಸಬಹುದು. ಎರಡು ಮೂರು ಕಡೆ ಕೊಳೆತಿದ್ದರೆ ಪೂರ್ತಿ ನೆಲ ತೆಗೆಯಿರಿ. ನಡುನಡುವೆ ತೇಪೆ ಹಾಕುವ ಕೆಲಸ ಪೂರ್ತಿ ತೆಗೆಯುವುದಕ್ಕಿಂತ ಕಷ್ಟ. ಟ್ರಾನ್ಸಮ್, ಸ್ಟ್ರಿಂಗರ್, ನೆಲ ಮೂರೂ ಹೋಗಿದ್ದರೆ? ಆ ಬೋಟಿನ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಮಾತ್ರ ಕೈಹಾಕಿ. ಹಣದ ಲೆಕ್ಕದಲ್ಲಿ ಅದು ಯಾವತ್ತೂ ಹೊಂದುವುದಿಲ್ಲ.

ಕತ್ತರಿಸುವ ಮುನ್ನ ಎರಡು ಎಚ್ಚರಿಕೆ. ಒಂದು, ನೆಲದ ಕೆಳಗೆ ಪೆಟ್ರೋಲ್ ಟ್ಯಾಂಕ್ ಇರಬಹುದು. ಅದನ್ನು ಖಾಲಿ ಮಾಡಿ ಹೊರಗೆ ತೆಗೆಯದೆ ಗರಗಸ ಮುಟ್ಟಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂತಿರುತ್ತದೆ. ಎರಡು, ಬೋಟನ್ನು ಸರಿಯಾಗಿ ಆನಿಸಿ ಕೂರಿಸಿ. ಸ್ಟ್ರಿಂಗರ್‌ಗಳೇ ಅದರ ಬೆನ್ನೆಲುಬು. ಅವನ್ನು ತೆಗೆದ ಮೇಲೆ ಒಡಲು ತೆಳು ಬುಟ್ಟಿಯ ಹಾಗೆ ಬಾಗುತ್ತದೆ. ಬಾಗಿದಾಗ ಹೊಸ ತೊಲೆ ಅಂಟಿಸಿದರೆ ಆ ಬಾಗು ಶಾಶ್ವತ, ಬೋಟು ಮುಂದೆಂದೂ ನೇರ ಓಡುವುದಿಲ್ಲ. ತಳಕ್ಕೆ ಹಲವು ಕಡೆ ಆಧಾರ ಕೊಡಿ, ಅಡ್ಡಕ್ಕೆ ಪಟ್ಟಿ ಹೊಡೆದು ಅಗಲ ಕಾಯ್ದುಕೊಳ್ಳಿ, ಒಂದು ಸಲಕ್ಕೆ ಒಂದೇ ಸ್ಟ್ರಿಂಗರ್ ಬದಲಿಸಿ.

ಗರಗಸದ ಬಾಯನ್ನು ನೆಲದ ದಪ್ಪಕ್ಕಷ್ಟೇ ಇಳಿಸಿ. ಅಂಚಿನಲ್ಲಿ ಎರಡು ಮೂರು ಬೆರಳಗಲ ನೆಲ ಹಾಗೇ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಗ್ರೈಂಡರಿನಿಂದ ಆಮೇಲೆ ತೆಗೆಯಬಹುದು. ಹಳೇ ಹಲಗೆ ಬಿಸಾಡಬೇಡಿ, ಹೊಸದನ್ನು ಗುರುತು ಮಾಡಲು ಅದೇ ಅಚ್ಚು. ಗ್ರೈಂಡ್ ಮಾಡುವಾಗ ಬಟ್ಟೆಯ ಮಾಸ್ಕ್ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಫಿಲ್ಟರ್ ಮಾಸ್ಕ್, ಕನ್ನಡಕ, ಪೂರ್ತಿ ತೋಳಿನ ಬಟ್ಟೆ ಬೇಕೇ ಬೇಕು. ಗಾಜಿನ ಪುಡಿ ಮೈಗೆ ಹತ್ತಿದರೆ ತಣ್ಣೀರಲ್ಲಿ ತೊಳೆದುಕೊಳ್ಳಿ, ಉಜ್ಜಬೇಡಿ. ಎರಡು ದಿನ ತುರಿಕೆ ಅನುಭವಿಸಿದವರು ಈ ಮಾತು ಮರೆಯುವುದಿಲ್ಲ. ಬೋಟಿನ ಹೊರತಳಕ್ಕೆ ಪಾಚಿ ಹಿಡಿಯದ ಹಳೇ ಬಣ್ಣ ಬಳಿದಿದ್ದರೆ ಅದನ್ನು ಒಣದಾಗಿ ಉಜ್ಜಲೇಬೇಡಿ. ತವರದ ವಿಷ ಸೇರಿಸಿದ ಅಂಥ ಬಣ್ಣಗಳಿಗೆ ಜಾಗತಿಕ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ನಿಮ್ಮ ಬೋಟು ಅದಕ್ಕಿಂತ ಹಳೆಯದು.

ಈಗ ಎಲ್ಲರೂ ಜಗಳವಾಡುವ ವಿಷಯ: ಪಾಲಿಯೆಸ್ಟರ್ ರೆಸಿನ್ ಬೇಕಾ, ಎಪಾಕ್ಸಿ ಬೇಕಾ? ನಿಮ್ಮ ಬೋಟು ತಯಾರಾದದ್ದು ಬಹುತೇಕ ಪಾಲಿಯೆಸ್ಟರ್‌ನಲ್ಲಿ. ಅದು ಅಗ್ಗ. ಆದರೆ ಹೊಸ ಬೋಟು ಕಟ್ಟುವಾಗ ಹಸಿ ಪದರದ ಮೇಲೆ ಹಸಿ ಪದರ ಬೀಳುತ್ತದೆ, ಎರಡೂ ಒಂದಾಗುತ್ತವೆ. ರಿಪೇರಿಯಲ್ಲಿ ನೀವು ಅಂಟಿಸುವುದು ನಲವತ್ತು ವರ್ಷದ ಹಿಂದೆ ಗಟ್ಟಿಯಾದ ಗೋಡೆಗೆ. ಅಲ್ಲಿ ಬರೀ ಅಂಟಿನ ಬಲವೇ ಆಧಾರ, ಆ ಬಲ ಎಪಾಕ್ಸಿಗೆ ಜಾಸ್ತಿ. ಮರಕ್ಕೂ ಅದೇ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಟ್ರಾನ್ಸಮ್ಮಿಗೆ, ಸ್ಟ್ರಿಂಗರ್‌ಗೆ ನನ್ನ ಓಟು ಎಪಾಕ್ಸಿಗೆ. ಆದರೆ ಎರಡು ತೊಡಕು ನೆನಪಿರಲಿ. ಸಾಮಾನ್ಯ ಚಾಪ್ಡ್ ಮ್ಯಾಟ್, ಅಂದರೆ ತುಂಡು ನಾರಿನ ಹಾಸು, ಅದರ ನಾರುಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಎಪಾಕ್ಸಿ ಜೊತೆ ನೇಯ್ದ ಅಥವಾ ಹೊಲಿದ ಫೈಬರ್ ಬಟ್ಟೆಯನ್ನೇ ಬಳಸಿ. ಎರಡನೆಯದು, ಎಪಾಕ್ಸಿಯ ಮೇಲೆ ಜೆಲ್‌ಕೋಟ್, ಅಂದರೆ ಬೋಟಿನ ಹೊರಗಿನ ಬಣ್ಣದ ಹೊಳಪು ಪದರ, ನಂಬುವ ಹಾಗೆ ಹಿಡಿಯುವುದಿಲ್ಲ. ಆ ಜಾಗಕ್ಕೆ ಪೇಂಟ್ ಹೊಡೆಯಬೇಕಾಗುತ್ತದೆ. ನೆಲದ ಕೆಳಗೆ ಯಾರು ನೋಡುತ್ತಾರೆ ಬಿಡಿ.

ಹಾರ್ಡನರ್, ಅಂದರೆ ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ, ಅದರ ವಿಷಯದಲ್ಲಿ ಪಾಲಿಯೆಸ್ಟರ್, ಎಪಾಕ್ಸಿ ಎರಡೂ ಬೇರೆ ಬೇರೆ ಜಾತಿ. ಪಾಲಿಯೆಸ್ಟರಿಗೆ ಸಾಮಾನ್ಯವಾಗಿ ಶೇ 1ರಿಂದ 2ರಷ್ಟು ಹಾರ್ಡನರ್ ಹಾಕುತ್ತಾರೆ, ಸೆಖೆ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಹುಷಾರು. ಎಪಾಕ್ಸಿಯ ಅಳತೆ ಮಾತ್ರ ಡಬ್ಬಿಯ ಮೇಲೆ ಬರೆದಷ್ಟೇ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಲಸಿದ್ದನ್ನು ಮಗ್ಗಿನಲ್ಲಿ ಇಟ್ಟುಕೊಂಡು ಕೂರಬೇಡಿ. ನಾನು ಮೊದಲ ಸಲ ಅರ್ಧ ಲೀಟರ್ ಕಲಸಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತೆ. ತಿರುಗಿ ನೋಡಿದರೆ ಮಗ್ ಹೊಗೆಯಾಡುತ್ತಿತ್ತು, ತಳ ಕರಗಿ ಬೆಂಚಿಗೆ ಅಂಟಿತ್ತು. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಒಂದೇ ಕಡೆ ಗುಡ್ಡೆಯಾಗಿದ್ದರೆ ಆ ಬಿಸಿಗೆ ಹೋಗಲು ದಾರಿ ಇರುವುದಿಲ್ಲ. ಅಗಲದ ತಟ್ಟೆಗೆ ಸುರಿದುಕೊಂಡರೆ ಸಮಯವೂ ಜಾಸ್ತಿ ಸಿಗುತ್ತದೆ.

ಔಟ್‌ಬೋರ್ಡ್ ಹೊರುವ ಟ್ರಾನ್ಸಮ್ ಸಾಮಾನ್ಯವಾಗಿ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರಿನಷ್ಟು ದಪ್ಪ. ಎರಡು ಪ್ಲೈವುಡ್ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡುತ್ತಾರೆ. ಮೆರೈನ್ ಪ್ಲೈವುಡ್ಡೇ ಬೇಕು, ಏಕೆಂದರೆ ಅದರ ಅಂಟು ನೀರಿಗೆ ಬಿಡುವುದಿಲ್ಲ, ಒಳಗೆ ಟೊಳ್ಳು ಇರುವುದಿಲ್ಲ. ಆದರೆ ಮೆರೈನ್ ಅಂದ ಮಾತ್ರಕ್ಕೆ ಅದರ ಮರ ಕೊಳೆಯುವುದಿಲ್ಲ ಅಂತಲ್ಲ. ಆರೂ ಮುಖಕ್ಕೆ, ವಿಶೇಷವಾಗಿ ಕತ್ತರಿಸಿದ ಅಂಚುಗಳಿಗೆ, ಎಪಾಕ್ಸಿ ಕುಡಿಸಲೇಬೇಕು. ಹಲಗೆ ಗೋಡೆಗೆ ಸೇರುವ ಮೂಲೆಯಲ್ಲಿ ಎಪಾಕ್ಸಿಯ ಗಟ್ಟಿ ಪೇಸ್ಟ್ ತುಂಬಿ ಬೆರಳಿನಿಂದ ದುಂಡಗೆ ಮಾಡಿ, ಫೈಬರ್ ಬಟ್ಟೆ ಚೂಪಾಗಿ ಮಡಚಿಕೊಂಡು ನಿಲ್ಲುವುದಿಲ್ಲ. ಹಳೇ ಫೈಬರನ್ನು ಹೊಸದರ ಜೊತೆ ಕೂಡಿಸುವ ಕಡೆ ಒಂದಕ್ಕೆ ಹನ್ನೆರಡು ಲೆಕ್ಕದಲ್ಲಿ ಇಳಿಜಾರು ಮಾಡಿ. 5 ಮಿಲಿಮೀಟರ್ ದಪ್ಪಕ್ಕೆ 60 ಮಿಲಿಮೀಟರ್ ಅಗಲ. ಈ ಅಗಲವೇ ಅಂಟು ಹಿಡಿಯುವ ಜಾಗ, ಇದರಲ್ಲಿ ಜಿಪುಣತನ ಬೇಡ.

ಫೋಮ್ ನೆನೆದಿದ್ದರೆ ಕೆರೆದು ತೆಗೆದು ಹೊಸದು ತುಂಬಿ. ಅದನ್ನು ಬಿಟ್ಟೇಬಿಡೋಣ ಅಂತ ಕೆಲವರಿಗೆ ಅನಿಸುತ್ತದೆ, ಬೇಡ. ಬೋಟು ನೀರು ತುಂಬಿ ಮಗುಚಿದಾಗ ಹಿಡಿದುಕೊಳ್ಳಲು ಏನಾದರೂ ತೇಲುತ್ತಿದ್ದರೆ ಅದು ಆ ಫೋಮಿನಿಂದಲೇ. ನೀರು ಹಿಂದಕ್ಕೆ ಹರಿಯುವ ಕಾಲುವೆಯನ್ನು ಮಾತ್ರ ಮುಚ್ಚಬೇಡಿ.

ನೆಲ ಮುಚ್ಚಿದ ಮೇಲೆ ಮತ್ತೆ ಸೀಟು ಕೂರಿಸಬೇಕಲ್ವಾ? ಕತೆ ಶುರುವಾದದ್ದೇ ಈ ತೂತುಗಳಿಂದ. ಸ್ಕ್ರೂಗಿಂತ ದಪ್ಪ ತೂತು ಕೊರೆದು, ಪೂರ್ತಿ ಎಪಾಕ್ಸಿ ಪೇಸ್ಟ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಮಾಡಿ. ಆಗ ಸ್ಕ್ರೂ ಸುತ್ತ ಇರುವುದು ಎಪಾಕ್ಸಿ, ಮರ ಅಲ್ಲ. ಮೇಲೆ ಮೆರೈನ್ ಸೀಲಂಟ್. ಎಂಜಿನ್ ಬೋಲ್ಟಿನ ತೂತಿಗೂ ಇದೇ.

ಎಂಜಿನ್ ಬಗ್ಗೆ ಇನ್ನೊಮ್ಮೆ ಉದ್ದವಾಗಿ ಬರೆಯಬೇಕು. ಸದ್ಯಕ್ಕೆ, ಗೇರ್ ಆಯಿಲ್ ಹಾಲಿನಂತಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಚೆನ್ನಾಗಿ ಕಂಡರೂ ಬದಲಿಸಿ. ಪೆಟ್ರೋಲ್ ಪೈಪುಗಳನ್ನೂ ಅಷ್ಟೇ. ಎಂಜಿನ್ ಬೋಟಿನ ಒಳಗೇ ಇರುವ ಜಾತಿಯದಾದರೆ ಸ್ಟಾರ್ಟರ್, ಆಲ್ಟರ್ನೇಟರ್‌ಗೆ ಕಾರಿನ ಬಿಡಿಭಾಗ ಹಾಕಬೇಡಿ. ಬೋಟಿನವು ಕಿಡಿ ಹೊರಗೆ ಬರದಂತೆ ಮಾಡಿದವು, ಕಾರಿನವು ಹಾಗಲ್ಲ. ತಳದಲ್ಲಿ ಆವಿ ಕೂತಿರುತ್ತದೆ ಅಂದೆನಲ್ಲ.

ಹೊಳಪು ಕೊನೆಗೆ. ನಾನು ನನ್ನ ಮೊದಲ ಬೋಟಿನಲ್ಲಿ ಅದನ್ನೇ ಮೊದಲು ಮಾಡಿದೆ. ಮೂರು ವಾರ ಉಜ್ಜಿ ಕನ್ನಡಿ ಮಾಡಿದ ಮೇಲೆ ಟ್ರಾನ್ಸಮ್ಮಿಗೆ ಡ್ರಿಲ್ ಇಟ್ಟೆ, ಕಪ್ಪು ನೀರು ಬಂತು. ಜೆಲ್‌ಕೋಟ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ, ಅಷ್ಟರೊಳಗೇ ಕೆಲಸ ಮುಗಿಯಬೇಕು. 600 ನಂಬರಿನ ಸ್ಯಾಂಡ್‌ಪೇಪರಿನಿಂದ ನೀರು ಹಾಕುತ್ತಾ ಶುರುಮಾಡಿ, 1000, 1500 ಅಂತ ಏರುತ್ತಾ ಹೋಗಿ, ಆಮೇಲೆ ಪಾಲಿಶ್ ಮಾಡುವ ಕಾಂಪೌಂಡ್, ವ್ಯಾಕ್ಸ್. ಜೇಡರ ಬಲೆಯಂಥ ಬಿರುಕು ಕಂಡರೆ ಮೇಲೆ ಮಾತ್ರ ತುಂಬಬೇಡಿ. ಆ ಜಾಗ ಯಾಕೆ ಬಾಗುತ್ತಿದೆ ಅಂತ ಕೆಳಗೆ ನೋಡಿ.

ನೀರಿಗಿಳಿಸುವ ದಿನ ನೀರು ಹೊರಬಿಡುವ ಹಿಂಬದಿಯ ತೂತಿಗೆ ಬೂಚು ಹಾಕಿದ್ದೀರಾ ಅಂತ ಎರಡು ಸಲ ನೋಡಿ. ನಗಬೇಡಿ, ಹಳಬರೂ ಮರೆಯುತ್ತಾರೆ. ವಾಪಸ್ ಬಂದ ಮೇಲೆ ಬೂಚು ತೆಗೆದು, ಮೂತಿ ಎತ್ತರಕ್ಕೆ ಮಾಡಿ ನಿಲ್ಲಿಸಿ. ಟಾರ್ಪಾಲಿನ್ ಕೆಳಗೆ ಒಂದು ಗಳ ಕೊಟ್ಟು ಗಾಳಿ ಆಡಲು ಬಿಡಿ.