ದತ್ತಿ: ಗಂಟು ಉಳಿಯಬೇಕು, ಫಲ ಊರಿಗೆ ಸಿಗಬೇಕು

ಕನ್ನಡ ಸಾಹಿತ್ಯ ಪರಿಷತ್ತಿನ ಆಹ್ವಾನ ಪತ್ರಿಕೆಗಳಲ್ಲಿ ‘ದತ್ತಿ ಉಪನ್ಯಾಸ’ ಅಂತ ನೋಡಿರುತ್ತೀರಿ. ಯಾರೋ ತಂದೆತಾಯಿಯ ಹೆಸರಲ್ಲಿ ಒಂದಿಷ್ಟು ಹಣ ಇಟ್ಟಿರುತ್ತಾರೆ. ಆ ಇಡುಗಂಟನ್ನು ಯಾರೂ ಮುಟ್ಟುವುದಿಲ್ಲ. ಅದರ ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯುತ್ತದೆ. ದತ್ತಿ ಅಂದರೆ ಅದೇ. ದೇಣಿಗೆ ಖರ್ಚಾಗಿ ಮುಗಿಯುತ್ತದೆ, ದತ್ತಿಯ ಗಂಟು ಹಾಗೇ ಇರುತ್ತದೆ.

ನಮ್ಮ ಶಿವಮೊಗ್ಗ ಸೀಮೆಯ ಕೆರೆಗಳನ್ನು ನೋಡುವಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 5ನೇ ಶತಮಾನದ ಸ್ತಂಭಶಾಸನ ಇದೆಯಲ್ವಾ, ಅದು ಕದಂಬರ ದೊರೆ ಕಾಕುತ್ಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಆದರೆ ಕಟ್ಟಿಸುವುದು ಒಂದು ಸಲದ ಕೆಲಸ. ಮಲೆನಾಡಿನ ಮಳೆ ಪ್ರತಿವರ್ಷ ಹೂಳು ತಂದು ಹಾಕುತ್ತದೆ. ಏರಿ ಕುಸಿಯುತ್ತದೆ, ಗದ್ದೆಗೆ ನೀರು ಬಿಡುವ ತೂಬು ಕಟ್ಟಿಕೊಳ್ಳುತ್ತದೆ, ಹೆಚ್ಚಾದ ನೀರು ಹೊರಹೋಗುವ ಕೋಡಿಯಲ್ಲಿ ಗಿಡ ಬೆಳೆಯುತ್ತದೆ. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’ ಅನ್ನುವ ಮಾತು ಬರುತ್ತದೆ. ಕೆರೆ ಕಟ್ಟುವುದಕ್ಕೆ, ನೋಡಿಕೊಳ್ಳುವುದಕ್ಕೆ ಅಂತ ಬಿಟ್ಟುಕೊಟ್ಟ ಭೂಮಿ ಅಥವಾ ಬೆಳೆಯ ಪಾಲು ಅದು. ಕೆರೆಯ ನೀರು ಗದ್ದೆಗೆ, ಗದ್ದೆಯ ಭತ್ತ ಕೆರೆಗೆ. ಎಂಥ ಚೆಂದದ ಲೆಕ್ಕ!

ಈಗ ಹಳ್ಳಿಯ ಪರಿಸರ ಕೆಲಸಕ್ಕೆ ಬರುವ ದೊಡ್ಡ ಹಣದಲ್ಲಿ ಒಂದು ಪಾಲು ಕಂಪನಿಗಳ ಸಿಎಸ್‌ಆರ್‌ನದು, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ್ದು. 2013ರ ಕಂಪನಿ ಕಾಯ್ದೆಯ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭ ಇರುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಪರಿಸರವೂ ಆ ಪಟ್ಟಿಯಲ್ಲಿದೆ. ಒಳ್ಳೆಯದೇ. ಆದರೆ ಒಂದು ಯೋಜನೆ, ಶುರುವಾದ ವರ್ಷ ಬಿಟ್ಟು, 3 ವರ್ಷಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ಸಂಸ್ಥೆಯೊಂದರ ಇಡುಗಂಟಿಗೆ ಕೊಟ್ಟ ಹಣವನ್ನು 2021ರಿಂದ ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಈ ಹಣ ದೇಣಿಗೆ ಆಗಬಹುದು, ದತ್ತಿ ಆಗುವಂತಿಲ್ಲ. ಹಣ ಸುಮ್ನೆ ಬ್ಯಾಂಕಿನಲ್ಲಿ ಕೂರಬಾರದು ಅನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಹೂಳೆತ್ತಿಸಿದ ಕೆರೆ ಐದಾರು ಮಳೆಗಾಲ ಕಳೆದು ಮತ್ತೆ ಮೊದಲಿನಂತೆ ಆಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಾಗಿ ದತ್ತಿಯ ದಾರಿ ಊರಿನವರಿಗೇ ಉಳಿದಿದೆ. ಬೆಂಗಳೂರು ಸೇರಿದ ಮಕ್ಕಳು, ಅಡಿಕೆಗೆ ಒಳ್ಳೆಯ ರೇಟು ಸಿಕ್ಕ ವರ್ಷ ತೋಟದವರು, ಎಲ್ಲರೂ ಸೇರಿ ಒಂದು ಟ್ರಸ್ಟ್ ಮಾಡಿ 10 ಲಕ್ಷ ಇಟ್ಟರು ಅಂದುಕೊಳ್ಳಿ. ಶೇಕಡಾ 6ರ ಬಡ್ಡಿ ಸಿಕ್ಕರೆ ವರ್ಷಕ್ಕೆ 60 ಸಾವಿರ. ಅದರಲ್ಲಿ ಇಡೀ ಕೆರೆಯ ಹೂಳೆತ್ತಲು ಆಗದು. ಆದರೆ ಮುಂಗಾರಿಗೆ ಮೊದಲು ಏರಿಯ ಗಿಡ ಕಡಿಸಿ, ಕೋಡಿ ಬಿಡಿಸಿ, ತೂಬು ಸರಿಮಾಡಿಸುವ ಕೂಲಿಗೆ ಅದು ಪ್ರತಿವರ್ಷ ಒದಗುತ್ತದೆ.