ವಾಲ್ವ್ ತೆರೆಯುವುದು ಸುಲಭ, ಮುಚ್ಚುವುದೇ ಕಷ್ಟ

ಕೋಲಾರದ ಹತ್ತಿರ ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆಯಿದೆ. ಅಲ್ಲಿ ತಯಾರಾಗುವ ಪೆಟ್ರೋಲ್ ಗಾಡಿಗಳ ಎಂಜಿನ್‌ನಲ್ಲಿ ವಾಲ್ವನ್ನು (ಗಾಳಿ-ಪೆಟ್ರೋಲ್ ಒಳಬಿಡುವ, ಸುಟ್ಟ ಗ್ಯಾಸ್ ಹೊರಬಿಡುವ ಮುಚ್ಚಳ) ತೆರೆಯುವುದು ಕ್ಯಾಮ್ ಎಂಬ ಉಬ್ಬಿರುವ ತಿರುಗುವ ಭಾಗ, ಮುಚ್ಚುವುದು ಸ್ಪ್ರಿಂಗ್. ನಿಮಿಷಕ್ಕೆ 6000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ವೇಗ ಮಿತಿ ಮೀರಿದರೆ ಸ್ಪ್ರಿಂಗ್ ಹಿಂದೆ ಬೀಳುತ್ತದೆ. ಮುಚ್ಚದೆ ಉಳಿದ ವಾಲ್ವಿಗೆ ಪಿಸ್ಟನ್ ಬಡಿದರೆ ವಾಲ್ವ್ ಸೊಟ್ಟಗಾಗುತ್ತದೆ. ಸ್ಪ್ರಿಂಗನ್ನು ಗಟ್ಟಿ ಮಾಡಿದರೆ ಕ್ಯಾಮ್ ಸವೆತ ಹೆಚ್ಚು.

ಇಟಲಿಯ ಬೊಲೊನ್ಯದಲ್ಲಿ ಬೈಕ್ ಕಂಪನಿ ಡುಕಾಟಿಯ ಮ್ಯೂಸಿಯಂ ಮತ್ತು ಕಾರ್ಖಾನೆ ಒಂದೇ ಆವರಣದಲ್ಲಿವೆ. 1926ರಲ್ಲಿ ರೇಡಿಯೊ ಬಿಡಿಭಾಗಗಳಿಗಾಗಿ ಹುಟ್ಟಿದ ಈ ಕಂಪನಿ 1946ರಲ್ಲಿ ಸೈಕಲ್ಲಿಗೆ ಸಿಕ್ಕಿಸುವ 48 ಸಿಸಿ ಎಂಜಿನ್ ಮಾಡತೊಡಗಿತು. ಅದರ ಬೊಗಳುವ ಸದ್ದಿಗೆ ಇಟ್ಟ ಹೆಸರು 'ಕುಚ್ಚೋಲೊ', ಅಂದರೆ ನಾಯಿಮರಿ. ಅಲ್ಲಿಗೆ ಹೋದವರು ಕೆಂಪು ರೇಸ್ ಬೈಕುಗಳ ಮುಂದೆ ಫೋಟೊ ತೆಗೆಸಿಕೊಳ್ಳಲಿ, ಆದರೆ ಎಂಜಿನಿಯರ್ ಫಾಬಿಯೊ ತಾಲಿಯೋನಿ 1956ರಲ್ಲಿ ರೇಸಿಗೆ ಇಳಿಸಿದ ಡೆಸ್ಮೊ ವ್ಯವಸ್ಥೆಯನ್ನು ನೋಡದೆ ಬರಬಾರದು. ಅದರಲ್ಲಿ ವಾಲ್ವ್ ತೆರೆಯಲೊಂದು, ಮುಚ್ಚಲೊಂದು ಕ್ಯಾಮ್. ಮುಚ್ಚುವ ಕೆಲಸವನ್ನು ಸ್ಪ್ರಿಂಗಿನ ಮರ್ಜಿಗೆ ಬಿಟ್ಟಿಲ್ಲ. ಬೆಲೆ ತೆರಬೇಕಾದ್ದು ಸರ್ವಿಸಿನಲ್ಲಿ: ಪ್ರತಿ ವಾಲ್ವಿಗೂ ಎರಡೆರಡು ಗ್ಯಾಪ್ (ವಾಲ್ವಿಗೂ ಅದನ್ನು ಅಲುಗಿಸುವ ಭಾಗಕ್ಕೂ ನಡುವೆ ಬಿಡುವ ಸಂದು) ಅಳೆಯಬೇಕು.

ನಮ್ಮ ಕಮ್ಯೂಟರ್ ಬೈಕುಗಳಲ್ಲಿ ಪ್ರತಿ ವಾಲ್ವಿಗೆ ಒಂದೇ ಗ್ಯಾಪ್, ಸುಮಾರು ಒಂದು ಕೂದಲೆಳೆಯಷ್ಟು. ಸರಿಯಾದ ಅಳತೆ ಆಯಾ ಮಾಡೆಲ್ಲಿನ ಕೈಪಿಡಿಯಲ್ಲಿರುತ್ತದೆ. ಈ ಗ್ಯಾಪ್ ಹೊಂದಿಸುವಾಗ, ಅಂದರೆ ಟ್ಯಾಪೆಟ್ ಸೆಟ್ಟಿಂಗ್ ಮಾಡುವಾಗ, ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತ ಗಾಡಿಯಾದರೆ ಉತ್ತಮ. ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಮ್ಯಾಗ್ನೆಟ್ಟಿನ 'ಟಿ' ಗುರುತನ್ನು (ಪಿಸ್ಟನ್ ತುತ್ತತುದಿಯಲ್ಲಿದೆ ಎಂಬ ಗುರುತು) ಕವಚದ ಗುರುತಿಗೆ ಕೂಡಿಸಬೇಕು. ಆಗ ವಾಲ್ವುಗಳನ್ನು ಒತ್ತುವ ಎರಡೂ ರಾಕರ್‌ಗಳು ಬೆರಳಿಗೆ ತುಸು ಅಲುಗಬೇಕು. ಬಿಗಿಯಾಗಿದ್ದರೆ ಅದು ಎಕ್ಸಾಸ್ಟ್ ಹಂತ (ಸುಟ್ಟ ಗ್ಯಾಸ್ ಹೊರಹೋಗುವುದು) ಮುಗಿಯುವ ಹೊತ್ತು. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಪಟ್ಟಿ) ಹಗುರವಾಗಿ ಉಜ್ಜಿಕೊಂಡು ಹೊರಬರುವಂತೆ ರಾಕರ್ ತುದಿಯ ಸ್ಕ್ರೂ ಹೊಂದಿಸಿ, ಅದನ್ನು ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿಯಬೇಕು. ಆಮೇಲೆ ಗೇಜನ್ನು ಮತ್ತೆ ತೂರಿಸಿ ನೋಡಲೇಬೇಕು. ನಟ್ಟಿನ ಜೊತೆ ಸ್ಕ್ರೂ ಕೂಡ ತಿರುಗಿಬಿಡುತ್ತದೆ, ಹೆಚ್ಚಿನ ಸೆಟ್ಟಿಂಗ್ ಕೆಡುವುದೇ ಇಲ್ಲಿ.

ಗ್ಯಾಪ್ ಹೆಚ್ಚಾಗಿ ಟಕಟಕ ಸದ್ದು ಬಂದರೆ ಜನ ಗಾಬರಿಯಾಗುತ್ತಾರೆ. ಗಾಬರಿಯಾಗಬೇಕಾದ್ದು ಗ್ಯಾಪ್ ಸಾಲದೆ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ಟಿಗೆ. ಅದರಲ್ಲಿ ವಾಲ್ವ್ ಪೂರ್ತಿ ಕೂರದೆ ಬಿಸಿ ಗ್ಯಾಸ್ ಸೋರಿ ಎಕ್ಸಾಸ್ಟ್ ವಾಲ್ವಿನ ಅಂಚು ಸುಡುತ್ತದೆ. ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಇಳಿದು, ಬಿಸಿಯಿದ್ದಾಗ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಇಷ್ಟೆಲ್ಲ ಹೇಳಿಸಿಕೊಂಡ ಡೆಸ್ಮೊವನ್ನು ಡುಕಾಟಿಯೇ 2020ರಲ್ಲಿ ಪರಿಚಯಿಸಿದ ವಿ4 ಗ್ರಾನ್‌ಟೂರಿಸ್ಮೊ ಎಂಜಿನ್‌ನಲ್ಲಿ ಕೈಬಿಟ್ಟಿತು. ಅದರಲ್ಲಿರುವುದು ನರಸಾಪುರದ ಗಾಡಿಗಳಲ್ಲಿರುವಂತೆ ಸ್ಪ್ರಿಂಗ್, ವಾಲ್ವ್ ತಪಾಸಣೆ 60,000 ಕಿ.ಮೀ.ಗೊಮ್ಮೆ.