ರೆಕ್ಕೆ ಭಾರ ಅಲ್ಲ, ದೂರ

ಕಾಸ್‌ಪ್ಲೇಗೆ (ಕಥೆ, ಸಿನಿಮಾದ ಪಾತ್ರದಂತೆ ವೇಷ ಹಾಕುವ ಹವ್ಯಾಸ) ದೊಡ್ಡ ರೆಕ್ಕೆ ಕಟ್ಟಿಕೊಂಡು ಬಂದವರನ್ನು ಅರ್ಧ ಗಂಟೆ ಬಿಟ್ಟು ನೋಡಿ. ಮುಂದಕ್ಕೆ ಬಗ್ಗಿ ನಿಂತಿರುತ್ತಾರೆ. ಎರಡೂ ಹೆಬ್ಬೆರಳು ಹೆಗಲ ಪಟ್ಟಿಯೊಳಗೆ ಇರುತ್ತವೆ. ಕೇಳಿದರೆ "ರೆಕ್ಕೆ ತುಂಬಾ ಭಾರ" ಅನ್ನುತ್ತಾರೆ. ತೂಗಿದರೆ ನಾಲ್ಕೇ ಕೆಜಿ! ಎಷ್ಟೋ ಮಕ್ಕಳ ಸ್ಕೂಲ್ ಬ್ಯಾಗು ಅದಕ್ಕಿಂತ ಜಾಸ್ತಿ ತೂಗುತ್ತದೆ, ಅಲ್ವಾ?

ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡರೆ ಕೆರೆಯಿಂದ ಮನೆವರೆಗೂ ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿದರೆ ಹತ್ತು ಎಣಿಸುವಷ್ಟರಲ್ಲಿ ತೋಳು ನಡುಗುತ್ತದೆ. ನೀರು ಅಷ್ಟೇ ಇದೆ, ಮೈಯಿಂದ ದೂರ ಹೋಗಿದೆ. ಹಾಗೆ ದೂರ ಹೋದ ಭಾರಕ್ಕೆ ತಿರುಗಿಸುವ ಬಲ ಬರುತ್ತದೆ. ಅದೇ ಟಾರ್ಕ್.

ಲೆಕ್ಕ ಸುಲಭ. ರೆಕ್ಕೆಯ ತೂಕದ ಕೇಂದ್ರ ಬೆನ್ನಿನಿಂದ 30 ಸೆಂ.ಮೀ. ಹಿಂದಿದೆ ಅಂದುಕೊಳ್ಳಿ. 4 ಕೆಜಿಯನ್ನು 30ರಿಂದ ಗುಣಿಸಿದರೆ 120. ಇದನ್ನು ಸರಿದೂಗಿಸಲು ಎರಡು ಕಡೆ ಬಲ ಬೇಕು. ಮೇಲೆ ಪಟ್ಟಿ ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ, ಕೆಳಗೆ ರೆಕ್ಕೆ ಹೊತ್ತ ಫ್ರೇಮಿನ ತುದಿ ಬೆನ್ನನ್ನು ಮುಂದಕ್ಕೆ ಒತ್ತುತ್ತದೆ. ಇವೆರಡರ ನಡುವೆ ಬರೀ 10 ಸೆಂ.ಮೀ. ಇದ್ದರೆ ಜಗ್ಗುವ ಬಲ 12 ಕೆಜಿ ತೂಕದಷ್ಟು. 40 ಸೆಂ.ಮೀ. ಮಾಡಿ, 3ಕ್ಕೆ ಇಳಿಯಿತು! ರೆಕ್ಕೆಯ ಒಂದು ಗರಿಯನ್ನೂ ಕಿತ್ತಿಲ್ಲ. ಬಾಗಿಲನ್ನೇ ನೋಡಿ. ಎರಡೂ ಕೀಲನ್ನು ಪಕ್ಕಪಕ್ಕ ಹೊಡೆದರೆ ಅದು ಜೋತು ಬೀಳುತ್ತದೆ. ಒಂದು ಮೇಲೆ, ಒಂದು ಕೆಳಗೆ ಹೊಡೆದರೆ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಾಗಿ ಸುಮ್ನೆ ಪಟ್ಟಿ ಬಿಗಿದು ಪ್ರಯೋಜನವಿಲ್ಲ. ಅಲ್ಯೂಮಿನಿಯಂ ಪಟ್ಟಿಯ ಫ್ರೇಮು ಬೆನ್ನುದ್ದಕ್ಕೂ ಇಳಿದು, ಸೊಂಟದ ಮೂಳೆಯ ಮೇಲೆ ಕೂತ ಅಗಲವಾದ ಚರ್ಮದ ಬೆಲ್ಟಿಗೆ ಸೇರಬೇಕು. ಪೋಲೆಂಡಿನ ಹುಸಾರ್ ಎಂಬ ಕುದುರೆ ಸವಾರ ಸೈನಿಕರು 16ನೇ ಶತಮಾನದಲ್ಲಿ ಮರದ ಪಟ್ಟಿಗೆ ಗರಿ ಸಿಕ್ಕಿಸಿದ ರೆಕ್ಕೆಯನ್ನು ಕುದುರೆಯ ಜೀನಿಗೇ ಕಟ್ಟುತ್ತಿದ್ದರು. ಅದು ಬೆನ್ನಿನ ಕವಚಕ್ಕೆ ಏರಿದ್ದು ಆಮೇಲೆ.

ಚರ್ಮ 3-4 ಮಿ.ಮೀ. ದಪ್ಪ ಇರಲಿ. ಬೆನ್ನಿನ ಭಾಗದ್ದನ್ನೇ ಕೇಳಿ ತನ್ನಿ, ಹೊಟ್ಟೆಯ ಭಾಗದ್ದು ಹಿಗ್ಗುತ್ತದೆ. ಜಗ್ಗಾಟ ಹೆಚ್ಚಿರುವ ಜಾಗಕ್ಕೆ ಹೊಲಿಗೆಯ ಜೊತೆ ರಿವೆಟ್ ಹಾಕಿ. ಜೀನ್ಸ್ ಜೇಬಿನ ಮೂಲೆಯಲ್ಲಿರುವ ತಾಮ್ರದ ರಿವೆಟ್ ಕೂಡ ಇದೇ ಕೆಲಸ ಮಾಡುತ್ತದೆ. ಅಮೆರಿಕದ ನೆವಾಡಾದ ದರ್ಜಿ ಜೇಕಬ್ ಡೇವಿಸ್ ಕುದುರೆಯ ಕಂಬಳಿಗೆ ಪಟ್ಟಿ ಕೂರಿಸಲು ರಿವೆಟ್ ಬಳಸುತ್ತಿದ್ದ. ಅದನ್ನೇ ಪ್ಯಾಂಟಿಗೆ ಹೊಡೆದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ.

ಕಬ್ಬಿಣದ ರಿವೆಟ್ ಮಾತ್ರ ಬೇಡ. ಬೆವರು ತಾಗಿದರೆ ಅದರ ಸುತ್ತ ಚರ್ಮ ಕಪ್ಪಾಗುತ್ತದೆ. ಚರ್ಮ ಕೊಳೆಯಿತು ಅಂತ ಎಸೆಯುವವರನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ಅದು ಕೊಳೆತದ್ದಲ್ಲ, ಶಾಯಿ! ತಂಗಡಿ ತೊಗಟೆಯಂಥವುಗಳಲ್ಲಿ ಹದ ಮಾಡಿದ ಚರ್ಮದೊಳಗೆ ಟ್ಯಾನಿನ್ ಎಂಬ ಒಗರು ಪದಾರ್ಥ ಇರುತ್ತದೆ. ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಯಿಂದ ಕಪ್ಪು ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಹಿತ್ತಾಳೆ ಹಾಕಿದರೆ ಈ ಕಪ್ಪು ಬರುವುದಿಲ್ಲ.

ಎಲ್ಲ ಮುಗಿದ ಮೇಲೆ ತೊಟ್ಟು ನೋಡಿ. ಸೊಂಟದ ಬೆಲ್ಟನ್ನು ಮೊದಲು ಬಿಗಿಯಿರಿ, ಹೆಗಲ ಪಟ್ಟಿಯನ್ನು ಆಮೇಲೆ. ಹೆಗಲ ಮೇಲ್ಭಾಗಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಫ್ರೇಮನ್ನು ಬಿಚ್ಚಿ ಇನ್ನಷ್ಟು ಉದ್ದ ಮಾಡಿ.